ಅಕ್ವೇರಿಯಂನಲ್ಲಿ ಹುಳ ಕಂಡರೆ ಲೇಬಲ್ ಇಲ್ಲದ ನೀಲಿ ಮದ್ದು ತರಬೇಡಿ

ಅಕ್ವೇರಿಯಂ ಗಾಜಿನ ಮೇಲೆ ಬಿಳಿ ನೂಲಿನಂಥ ಹುಳ ಕಂಡಿತು ಅಂತ ಅಂಗಡಿಗೆ ಓಡುವವರು ಇದನ್ನೊಮ್ಮೆ ಓದಿ. ದೊಡ್ಡ ಕ್ಯಾನಿನಿಂದ ಸಣ್ಣ ಬಾಟ್ಲಿಗೆ ಸುರಿದು ಕೊಡುವ ನೀಲಿ ಮದ್ದನ್ನು ತಗೊಳ್ಳಬೇಡಿ. ಅಂಗಡಿಯವರು ಎಷ್ಟೇ ಧೈರ್ಯ ಹೇಳಿದರೂ ಬೇಡ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಟ್ಯಾಂಕಿನಲ್ಲಿ ಗಪ್ಪಿ, ಕೆಂಪು ಚೆರ್ರಿ ಶ್ರಿಂಪ್ (ಪುಟ್ಟ ಸಿಗಡಿ), ಒಂದಷ್ಟು ಬಸವನಹುಳ ಇದ್ದವು. ಮಳೆಗಾಲದಲ್ಲಿ ಇಲ್ಲಿಯ ಕರೆಂಟಿನ ಕಥೆ ಗೊತ್ತಲ್ಲ, ತೆಂಗಿನ ಮಡಲೊಂದು ಲೈನಿನ ಮೇಲೆ ಬಿದ್ದರೆ ರಾತ್ರಿಯಿಡೀ ಕತ್ತಲೆ. ಹಾಗೆ ಒಂದು ರಾತ್ರಿ ಫಿಲ್ಟರೂ ಏರ್ ಪಂಪೂ ನಿಂತವು. ಬೆಳಗ್ಗೆ ನೋಡಿದರೆ ಗಾಜಿನ ತುಂಬ ಸಪೂರ ಹುಳಗಳು, ಕೆಲವು ನೀರಿನಲ್ಲಿ ಒದ್ದಾಡುತ್ತಾ ಈಜುತ್ತಿದ್ದವು.

ಪೇಟೆಯ ಒಂದು ಅಂಗಡಿಯಲ್ಲಿ ವಿಡಿಯೋ ತೋರಿಸಿದೆ. ಅವರು ಸರಿಯಾಗಿ ನೋಡಲೂ ಇಲ್ಲ. "ಇದು ಪ್ಲನೇರಿಯಾ, ಮೀನಿನ ಮೈಗೆ ಹತ್ತುತ್ತದೆ, ಇವತ್ತೇ ಮದ್ದು ಹಾಕಿ" ಅಂದರು. ಶ್ರಿಂಪ್ ಇದೆ, ತೊಂದರೆ ಆಗಲಿಕ್ಕಿಲ್ವಾ ಅಂತ ಎರಡೆರಡು ಸಲ ಕೇಳಿದೆ. ಎಂತದೂ ಆಗುವುದಿಲ್ಲ ಅಂದರು. ಮದ್ದಿನ ಹೆಸರು ಕೇಳಿದ್ದಕ್ಕೆ "ಹುಳದ ಮದ್ದು" ಅಂತಲೇ ಉತ್ತರ.

ಅವರು ಹೇಳಿದಷ್ಟೇ ಮುಚ್ಚಳ ಮದ್ದು ಹಾಕಿದೆ. ಸಂಜೆಗೆ ಬಸವನಹುಳಗಳು ಗಾಜು ಬಿಟ್ಟು ಕೆಳಗೆ ಬಿದ್ದವು. ಮರುದಿನ ಶ್ರಿಂಪ್ ಒಂದೂ ಉಳಿದಿರಲಿಲ್ಲ. ಗಪ್ಪಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಅವುಗಳಲ್ಲೂ ಅರ್ಧ ಹೋದವು. ಸತ್ತದ್ದೆಲ್ಲ ಕೊಳೆತು ಅಮೋನಿಯಾ ಏರಿ ಇನ್ನೊಂದು ರಗಳೆ.

ಅಡಿಕೆಗೆ ಮದ್ದು ಬಿಡುವ ನೆರೆಮನೆಯವರು ಬಾಟ್ಲಿ ನೋಡಿದ ಕೂಡಲೇ, "ಇದು ಮೈಲುತುತ್ತಿನ ನೀರಲ್ವಾ ಮಾರಾಯ್ರೆ?" ಅಂದರು. ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯಿತಾ ಅಂತ ನೋಡಲು ಉಜ್ಜಿದ ಕತ್ತಿ ಅದ್ದುತ್ತಾರಲ್ಲ, ಅದನ್ನೇ ಮಾಡಿದರು. ಸ್ವಲ್ಪ ಹೊತ್ತಿಗೆ ಕಬ್ಬಿಣದ ಮೇಲೆ ಕೆಂಪು ಬಣ್ಣ ಕೂತಿತು. ತಾಮ್ರ! ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್ ತಾನೇ. ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ 1 ಕಿಲೋ ತುತ್ತು, 1 ಕಿಲೋ ಸುಣ್ಣ ಹಾಕಿ ಬಿಡುವ ಅದೇ ವಸ್ತು. ಅಂಗಡಿಗೆ ಹೋಗಿ ಕೇಳಿದರೆ, "ನಿಮ್ಮ ನೀರೇ ಸರಿ ಇಲ್ಲ" ಅಂದರು.

ತಮಾಷೆ ಏನೆಂದರೆ ನೀರಿನ ಮಾತಿನಲ್ಲಿ ಅರ್ಧ ಸತ್ಯ ಇದೆ. ತಾಮ್ರವನ್ನು ಮೀನಿನ ಕೆಲವು ರೋಗಗಳಿಗೆ ಅಳತೆ ಮಾಡಿ ಬಳಸುವುದುಂಟು. ಆದರೆ ಶ್ರಿಂಪಿಗೂ ಬಸವನಹುಳಕ್ಕೂ ಅದು ವಿಷ. ಮೀನಿಗೆ ಜಾಸ್ತಿಯಾದರೆ ಕಿವಿರು ಕೆಡುತ್ತದೆ. ಸುಣ್ಣದ ಅಂಶ ಕಡಿಮೆ ಇರುವ ನೀರಿನಲ್ಲಿ ಅದರ ಹೊಡೆತ ಇನ್ನೂ ಜೋರು. ಮುರಕಲ್ಲಿನ (ಜಂಬಿಟ್ಟಿಗೆಯ) ನಮ್ಮ ಊರಿನಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ಬಾವಿ ನೀರು ಸಾಮಾನ್ಯವಾಗಿ ಅಂಥದ್ದೇ. ಇದು ಮದ್ದು ಮಾರುವವರಿಗೆ ಗೊತ್ತಿರಬೇಕಾದ್ದು.

ಇಷ್ಟೆಲ್ಲ ಆಗಿ ಆ ಹುಳ ಪ್ಲನೇರಿಯಾ ಆಗಿರಲೇ ಇಲ್ಲ. ಮಕ್ಕಳ ಭೂತಗನ್ನಡಿಯಲ್ಲಿ ನೋಡಿದರೆ ಮೈಯಲ್ಲಿ ಉಂಗುರ ಉಂಗುರ ಕಾಣುತ್ತಿತ್ತು, ತಲೆ ಯಾವುದು ಬಾಲ ಯಾವುದು ಗೊತ್ತಾಗುತ್ತಿರಲಿಲ್ಲ. ಇವು ಎರೆಹುಳದ ಸಣ್ಣ ನೆಂಟರು, ಡೆಟ್ರಿಟಸ್ ಹುಳಗಳು. ಮರಳಿನೊಳಗೆ ಕಸ ತಿಂದುಕೊಂಡು ಇರುತ್ತವೆ. ಆಮ್ಲಜನಕ ಕಡಿಮೆಯಾದರೆ ಮೇಲೆ ಬರುತ್ತವೆ. ಮೀನಿಗೆ ಏನೂ ಮಾಡುವುದಿಲ್ಲ, ಗಪ್ಪಿಗಳೇ ಇವನ್ನು ತಿನ್ನುತ್ತವೆ. ಪಂಪ್ ಓಡಿಸಿ, ಪೈಪಿನಿಂದ ಮರಳಿನ ಕಸ ಎಳೆದು, ತಿಂಡಿ ಕಡಿಮೆ ಮಾಡಿದರೆ ತಾವಾಗಿಯೇ ಇಳಿಯುತ್ತವೆ. ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಪ್ಲನೇರಿಯಾ ಬೇರೆಯೇ ಜಾತಿ. ಚಪ್ಪಟೆ ಮೈ, ತ್ರಿಕೋನ ತಲೆ, ಅದರಲ್ಲಿ ಎರಡು ಕಣ್ಣಿನ ಚುಕ್ಕೆ. ಒದ್ದಾಡುವುದಿಲ್ಲ, ಗಾಜಿನ ಮೇಲೆ ಜಾರಿಕೊಂಡು ಹೋಗುತ್ತದೆ. ಶ್ರಿಂಪ್ ಮರಿಗಳನ್ನು ತಿನ್ನುವುದು ಇದು. ಇದನ್ನು ಗಾಜಿನ ಮೇಲೇ ಹೊಸಕಬೇಡಿ, ತುಂಡು ತುಂಡೂ ಹೊಸ ಹುಳ ಆಗುತ್ತದೆ. ಸಣ್ಣ ತೂತಿರುವ ಡಬ್ಬಿಯಲ್ಲಿ ಸಿಗಡಿ ಚೂರು ಹಾಕಿ ರಾತ್ರಿ ಇಳಿಬಿಟ್ಟರೆ ಬಂದು ಸೇರುತ್ತವೆ, ಬೆಳಗ್ಗೆ ಎತ್ತಿ ಬಿಸಾಡಬಹುದು. ತೀರಾ ಹೆಚ್ಚಾದರೆ ನಾಯಿ, ದನಗಳ ಜಂತುಹುಳಕ್ಕೆ ಕೊಡುವ ಫೆನ್‌ಬೆಂಡಜೋಲ್ ಬಳಸುವವರಿದ್ದಾರೆ. ಶ್ರಿಂಪ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ಬಸವನಹುಳ ಸಾಯಬಹುದು. ಅಳತೆಯನ್ನು ತಿಳಿದವರಲ್ಲಿ ಕೇಳಿಯೇ ಹಾಕಿ.

ನಿಜವಾಗಿ ಹೆದರಬೇಕಾದ ಹುಳ ಗಾಜಿನ ಮೇಲೆ ಕಾಣುವುದೇ ಇಲ್ಲ. ಗಪ್ಪಿಯ ಗುದದಿಂದ ಕೆಂಪು ಎಳೆ ಹೊರಗೆ ನೇತಾಡುತ್ತಿದ್ದರೆ ಅದು ಕ್ಯಾಮಲ್ಲಾನಸ್, ಕರುಳಿನ ಹುಳ. ಅದಕ್ಕೆ ಲೆವಾಮಿಸೋಲ್‌ನಂಥ ಮದ್ದು ಬೇಕೇ ಬೇಕು. ಇನ್ನು ತೋಡಿನಿಂದ (ಸಣ್ಣ ಹಳ್ಳದಿಂದ) ಗಿಡ ತಂದು ಹಾಕಿದವರ ಟ್ಯಾಂಕಿನಲ್ಲಿ ಜಿಗಣೆ ಬರುವುದುಂಟು. ಕೈಯಿಂದ ತೆಗೆದರಾಯಿತು.

ಈ ಕಥೆ ಹೇಳಿದಾಗೆಲ್ಲ ಯಾರಾದರೊಬ್ಬರು "ಅಡಿಕೆ ಹಾಕಬಹುದಿತ್ತಲ್ಲ" ಅನ್ನುತ್ತಾರೆ. ಪ್ಲನೇರಿಯಾಕ್ಕೆ ಅಡಿಕೆ ಸಾರದ ಪುಡಿ ಮಾರುಕಟ್ಟೆಯಲ್ಲಿ ಇರುವುದು ನಿಜ. ಅಡಿಕೆಯ ಅರೆಕೋಲಿನ್ ಹುಳದ ನರಗಳ ಮೇಲೆ ಕೆಲಸ ಮಾಡುತ್ತದೆ. ಆದರೆ ಅಂಗಳದಲ್ಲಿ ಒಣಗಿದ ಒಂದು ಅಡಿಕೆಯಲ್ಲಿ ಅದು ಎಷ್ಟಿದೆ ಅಂತ ಅಳೆಯುವವರು ಯಾರು? ಬಸವನಹುಳಕ್ಕೆ ಅದೂ ಆಗದು. ಸುಮ್ನೆ ಪ್ರಯೋಗ ಬೇಡ.

ಈಗಾಗಲೇ ನೀಲಿ ಮದ್ದು ಹಾಕಿದವರು ಉಳಿದ ಮೀನನ್ನು ಬೇರೆ ಪಾತ್ರೆಗೆ ಹಾಕಿ. ಟ್ಯಾಂಕಿನ ಹೆಚ್ಚಿನ ನೀರು ಬದಲಿಸಿ, ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ. ತಾಮ್ರ ಮರಳಿನಲ್ಲಿ ಹಿಡಿದುಕೊಂಡು ನಿಧಾನಕ್ಕೆ ಬಿಡುತ್ತಿರುತ್ತದೆ, ಹಾಗಾಗಿ ನಾನು ಮರಳು ಪೂರ್ತಿ ತೆಗೆದೆ. ತಾಮ್ರದ ಟೆಸ್ಟ್ ಕಿಟ್‌ನಲ್ಲಿ ಸೊನ್ನೆ ಬರುವವರೆಗೆ ಶ್ರಿಂಪ್ ಬಿಡಬೇಡಿ. ಆ ನೀರನ್ನು ತೋಡಿಗೂ ಚೆಲ್ಲಬೇಡಿ, ಅಲ್ಲಿಯೂ ಮೀನಿದೆ.