ಕಾರಿನ ಮೂಲ ಸ್ಟೀರಿಯೊ ಉಳಿಸಿಕೊಂಡು ಧ್ವನಿ ಸುಧಾರಣೆ: ಒಂದೇ ಕಾರಿನಲ್ಲಿ ನಾಲ್ಕು ಪ್ರಯೋಗಗಳು

ಹಿಂಬದಿ ಕ್ಯಾಮೆರಾ, ಸ್ಟೀರಿಂಗ್ ಮೇಲಿನ ಗುಂಡಿಗಳು ಮತ್ತು ವಾಹನದ ಎಚ್ಚರಿಕೆಯ ಸದ್ದುಗಳೆಲ್ಲ ಕಂಪನಿಯಿಂದ ಬಂದ ಸ್ಟೀರಿಯೊಗೇ ಹೆಣೆದುಕೊಂಡಿದ್ದರಿಂದ, ಅದನ್ನು ಕಿತ್ತು ಬೇರೆಯದನ್ನು ಕೂರಿಸುವ ಆಲೋಚನೆಯನ್ನು ನಾನು ಆರಂಭದಲ್ಲೇ ಕೈಬಿಟ್ಟೆ. ಉಳಿದ ದಾರಿಗಳು ನಾಲ್ಕು: ಬಾಗಿಲುಗಳ ಸ್ಪೀಕರ್ ಮಾತ್ರ ಬದಲಿಸುವುದು, ಸಾದಾ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಸೇರಿಸುವುದು, ಡಿಎಸ್‌ಪಿ (ಧ್ವನಿಯ ಸಂಕೇತವನ್ನು ಡಿಜಿಟಲ್ ಆಗಿ ತಿದ್ದುವ ಸಾಧನ) ಒಳಗೊಂಡ ಆಂಪ್ಲಿಫೈಯರ್ ಹಾಕುವುದು, ಡಿಎಸ್‌ಪಿ ಮತ್ತು ಆಂಪ್ಲಿಫೈಯರ್‌ಗಳನ್ನು ಬೇರೆಬೇರೆಯಾಗಿ ಅಳವಡಿಸುವುದು. ನಾಲ್ಕನ್ನೂ ಒಂದೇ ಕಾರಿನಲ್ಲಿ, ಒಂದೇ ಆಸನದಲ್ಲಿ ಕುಳಿತು, ಅವೇ ಧ್ವನಿಮುದ್ರಣಗಳನ್ನಿಟ್ಟುಕೊಂಡು ಕೇಳಿದ್ದೇನೆ. ಪ್ರತಿ ಸಲವೂ ಧ್ವನಿಯ ಮಟ್ಟವನ್ನು ಮೀಟರ್‌ನಿಂದ ಅಳೆದು ಸರಿಸಮ ಮಾಡಿಕೊಂಡೆ, ಏಕೆಂದರೆ ತುಸು ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆಯೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಸ್ಪೀಕರ್ ಬದಲಾವಣೆಯಿಂದ ತಾರದ ಸ್ವರಗಳು ತಿಳಿಯಾದವು, ಆದರೆ ಲಾಭ ಅಲ್ಲಿಗೇ ನಿಂತಿತು. ಸಾಮಾನ್ಯ ಮೂಲ ಸ್ಟೀರಿಯೊ 14.4 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರಿಗೆ ಕೊಡಬಲ್ಲ ಸ್ವಚ್ಛ ಶಕ್ತಿ, ಲೆಕ್ಕದ ಪ್ರಕಾರವೇ ಚಾನೆಲ್ ಒಂದಕ್ಕೆ 26 ವ್ಯಾಟ್ ದಾಟುವುದಿಲ್ಲ. ಡಬ್ಬಿಯ ಮೇಲೆ 50 ವ್ಯಾಟ್ ಎಂದು ಬರೆದಿರುವುದು ಗರಿಷ್ಠ ಮಟ್ಟದ ಮಾತು. ಆ ಹಂತದಲ್ಲಿ ನನಗೆ ನಿಜವಾಗಿ ಉಪಕಾರ ಮಾಡಿದ್ದು ಸ್ಪೀಕರಿಗಿಂತ ಹೆಚ್ಚಾಗಿ ಬಾಗಿಲಿನ ತಗಡಿಗೆ ಅಂಟಿಸಿದ, ಅದರ ಕಂಪನವನ್ನು ತಗ್ಗಿಸುವ ಬ್ಯುಟೈಲ್ ರಬ್ಬರ್ ಹಾಳೆ. ಒಳತಗಡಿನ ದೊಡ್ಡ ತೂತುಗಳನ್ನು ಮುಚ್ಚಿದ ಮೇಲೆ ಮೃದಂಗದ ಎಡಭಾಗದ ನಾದಕ್ಕೆ ಮೊದಲ ಬಾರಿಗೆ ತೂಕ ಬಂತು.

ಸಾದಾ ಆಂಪ್ಲಿಫೈಯರ್ ಸೇರಿಸಿದಾಗ ಶಕ್ತಿಯ ಕೊರತೆ ನೀಗಿತು, ಜೊತೆಗೆ ಮೂಲ ಸ್ಟೀರಿಯೊದ ಗುಟ್ಟೂ ಬಯಲಾಯಿತು. ಸಣ್ಣ ಸ್ಪೀಕರ್‌ಗಳು ಹರಿಯದಿರಲೆಂದು, ವಾಲ್ಯೂಮ್ ಏರಿದಂತೆಲ್ಲ ಮಂದ್ರದ ಸ್ವರಗಳನ್ನು ತಗ್ಗಿಸುವ ಏರ್ಪಾಡು ನನ್ನ ಸ್ಟೀರಿಯೊದೊಳಗೇ ಇತ್ತು, ಮತ್ತು ಆಂಪ್ಲಿಫೈಯರ್ ಆ ಕೊರತೆಯನ್ನೂ ಅಷ್ಟೇ ನಿಷ್ಠೆಯಿಂದ ದೊಡ್ಡದು ಮಾಡಿತು. ಎಂಜಿನ್ ವೇಗದೊಡನೆ ಏರಿಳಿಯುವ ಕೀರಲು ಸದ್ದೊಂದು ಸೇರಿಕೊಂಡಿತ್ತು. ಅರ್ತ್ ತಂತಿ ಕೂರುವ ಜಾಗದ ಬಣ್ಣವನ್ನು ಕೆರೆದು ಬರಿ ಲೋಹಕ್ಕೆ ಬಿಗಿದಾಗ ಅದು ಹೋಯಿತು. ಆದರೂ ಗಾಯಕಿಯ ದನಿ ನನ್ನ ಮೊಣಕಾಲಿನ ಪಕ್ಕದ ಬಾಗಿಲಿನಿಂದಲೇ ಬರುತ್ತಿತ್ತು.

ಇದಕ್ಕೆ ಕಾರಣ ಶಕ್ತಿಯಲ್ಲ, ದೂರ. ನನ್ನ ಕಿವಿಯಿಂದ ಹತ್ತಿರದ ಬಾಗಿಲಿನ ಸ್ಪೀಕರಿಗೆ 90 ಸೆಂಟಿಮೀಟರ್, ಆಚೆ ಬದಿಯದಕ್ಕೆ 135 ಸೆಂಟಿಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಈ 45 ಸೆಂಟಿಮೀಟರ್ ಅಂತರ ಎಂದರೆ 1.3 ಮಿಲಿಸೆಕೆಂಡ್ ವಿಳಂಬ, ಮತ್ತು ಮೊದಲು ತಲುಪಿದ ದನಿಯ ಕಡೆಗೇ ಕಿವಿ ವಾಲುತ್ತದೆ. ಅಷ್ಟೇ ಅಲ್ಲದೆ, 45 ಸೆಂಟಿಮೀಟರ್ ಅರ್ಧ ತರಂಗದ ಉದ್ದವಾಗುವ ಸುಮಾರು 380 ಹರ್ಟ್ಸ್ ಬಳಿ ಎರಡೂ ಬದಿಯ ಅಲೆಗಳು ಪರಸ್ಪರ ವಿರುದ್ಧವಾಗಿ ಕೂಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಮನುಷ್ಯನ ದನಿಯ ಮೈತುಂಬುವ ಭಾಗ ಅದು. ಆ ಹಳ್ಳವನ್ನು ಈಕ್ವಲೈಜರ್‌ನಿಂದ, ಅಂದರೆ ಆಯ್ದ ಸ್ವರಗಳ ಮಟ್ಟವನ್ನು ಏರಿಳಿಸುವ ಸಾಧನದಿಂದ, ಎತ್ತಿ ತುಂಬಿಸಲು ಹೊರಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಏಕೆಂದರೆ ಎತ್ತಿದಷ್ಟೂ ಎರಡೂ ಬದಿ ಸಮನಾಗಿ ಏರಿ ಮತ್ತೆ ಅಳಿಸಿಹೋಗುತ್ತವೆ.

ಡಿಎಸ್‌ಪಿ ಆಂಪ್ಲಿಫೈಯರ್ ಕೈಹಾಕಿದ್ದು ಇದಕ್ಕೇ. ಮೂಲ ಕನೆಕ್ಟರ್‌ಗಳ ನಡುವೆ ಕೂರುವ ವೈರಿಂಗ್ ಇದ್ದುದರಿಂದ ಒಂದು ತಂತಿಯನ್ನೂ ಕತ್ತರಿಸಬೇಕಾಗಲಿಲ್ಲ. ಮೊದಲು ಪಿಂಕ್ ನಾಯ್ಸ್ (ಮಂದ್ರದಿಂದ ತಾರದವರೆಗಿನ ಸ್ವರಗಳೆಲ್ಲ ಬೆರೆತ, ಅಳತೆಗೆ ಬಳಸುವ ಭೋರೆಂಬ ಸದ್ದು) ನುಡಿಸಿ, ನಾನು ಸಾಮಾನ್ಯವಾಗಿ ಕೇಳುವ ವಾಲ್ಯೂಮ್‌ನಲ್ಲಿ ಸ್ಟೀರಿಯೊದಿಂದ ಹೊರಬರುವ ಸಂಕೇತವನ್ನು ಅಳೆದು, ಅದರ ತಗ್ಗು ದಿಣ್ಣೆಗಳನ್ನು ಒಳಬರುವಲ್ಲಿಯೇ ಸರಿಪಡಿಸಿದೆ. ತಾರದ ಸ್ವರಗಳ ಪುಟ್ಟ ಸ್ಪೀಕರ್ ಆದ ಟ್ವೀಟರ್ ಮತ್ತು ಮಂದ್ರದ ಸ್ವರಗಳ ಸ್ಪೀಕರ್ ಆದ ವೂಫರ್‌ಗಳಿಗೆ ಬೇರೆಬೇರೆ ಚಾನೆಲ್ ಕೊಟ್ಟು, ಸ್ವರಗಳನ್ನು ಅವೆರಡರ ನಡುವೆ ಹಂಚುವ ಕ್ರಾಸ್‌ಓವರನ್ನು 3000 ಹರ್ಟ್ಸ್‌ನಲ್ಲಿ, ಆಕ್ಟೇವ್‌ಗೆ (ಕಂಪನಾಂಕ ಇಮ್ಮಡಿಯಾಗುವ ಪ್ರತಿ ಅಂತರಕ್ಕೆ) 24 ಡೆಸಿಬೆಲ್ ಇಳಿಜಾರಿನಲ್ಲಿ ಇಟ್ಟೆ. ಈ ಕ್ರಾಸ್‌ಓವರ್ ಉಳಿಸಿದ ಮೇಲೆಯೇ ಟ್ವೀಟರ್ ತಂತಿಯನ್ನು ಜೋಡಿಸಬೇಕು. ಮಂದ್ರದ ಸ್ವರ ಒಂದು ಕ್ಷಣ ನೇರವಾಗಿ ನುಗ್ಗಿದರೂ ಟ್ವೀಟರ್ ಸುಟ್ಟುಹೋಗಬಹುದು.

ಬಳಿಕ ಎಂಜಿನ್ ಆರಿಸಿ, ಗಾಜು ಏರಿಸಿ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹತ್ತಿರದ ಸ್ಪೀಕರನ್ನು ತಡಮಾಡಿಸುತ್ತ ಹೋದೆ. ನನ್ನ ಉಪಕರಣ 48 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ ಒಂದೊಂದು ಹೆಜ್ಜೆಯೂ 0.02 ಮಿಲಿಸೆಕೆಂಡ್, ಅಂದರೆ ಸ್ಪೀಕರನ್ನು 7 ಮಿಲಿಮೀಟರ್ ಹಿಂದೆ ಸರಿಸಿದ ಹಾಗೆ. 1 ಮಿಲಿಸೆಕೆಂಡ್ ದಾಟುತ್ತಿದ್ದಂತೆ ಬಾಗಿಲಿಗೆ ಅಂಟಿಕೊಂಡಿದ್ದ ದನಿ ಕಳಚಿಕೊಂಡು ಮೇಲೇಳತೊಡಗಿತು, 1.3ರ ಹತ್ತಿರ ಅದು ಡ್ಯಾಶ್‌ಬೋರ್ಡ್ ನಡುವೆ, ಗಾಜಿನ ಆಚೆ ಯಾರೋ ನಿಂತು ಹಾಡುತ್ತಿರುವಂತೆ ನೆಲೆಗೊಂಡಿತು. ಅಷ್ಟು ತಿಂಗಳು ಕೇಳಿದ್ದ ಹಾಡಿನಲ್ಲಿ ಗಾಯಕಿ ಉಸಿರು ತೆಗೆದುಕೊಳ್ಳುವುದು ನನಗೆ ಕೇಳಿಸಿದ್ದು ಅಂದೇ. ಮಂದ್ರ ಮಾತ್ರ ಇನ್ನೂ ತೆಳುವಾಗಿತ್ತು. ಒಂದು ಬಾಗಿಲಿನ ವೂಫರ್‌ಗೆ ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದೆನೆಂಬುದು ಗೊತ್ತಾಗಲು ಇಡೀ ಒಂದು ಸಂಜೆ ಹಿಡಿಯಿತು.

ಬೇರೆಬೇರೆ ಡಿಎಸ್‌ಪಿ ಮತ್ತು ಆಂಪ್ಲಿಫೈಯರ್‌ಗಳ ವ್ಯವಸ್ಥೆಯನ್ನು ಸ್ನೇಹಿತರೊಬ್ಬರಿಂದ ಪಡೆದು ಮೂರು ವಾರ ಇಟ್ಟುಕೊಂಡಿದ್ದೆ. ಅದೇ ವಿಳಂಬ, ಅದೇ ಕ್ರಾಸ್‌ಓವರ್, ಅದೇ ಮಟ್ಟ ಕೊಟ್ಟ ಮೇಲೆ, ಸಾಧಾರಣ ವಾಲ್ಯೂಮ್‌ನಲ್ಲಿ ಎರಡಕ್ಕೂ ವ್ಯತ್ಯಾಸ ಹೇಳಲು ನನ್ನಿಂದಾಗಲಿಲ್ಲ. ಗಾಜು ಇಳಿಸಿ ಹೆದ್ದಾರಿಯಲ್ಲಿ ಜೋರಾಗಿ ಕೇಳುವಾಗ ಮಾತ್ರ ಅದರ ಹೆಚ್ಚಿನ ಶಕ್ತಿ ಕೆಲಸಕ್ಕೆ ಬಂತು; ತಾಳವಾದ್ಯದ ಪೆಟ್ಟುಗಳು ಎಲ್ಲಿಯೂ ಒಡೆಯಲಿಲ್ಲ. ಅದಕ್ಕೆ ಪ್ರತಿಯಾಗಿ ಬ್ಯಾಟರಿಯಿಂದ ದಪ್ಪ ತಂತಿ ಎಳೆದು, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಕೂರಿಸಿ, ಸಾಮಾನು ಇಡುವ ಜಾಗದ ಒಂದು ಭಾಗವನ್ನು ಬಿಟ್ಟುಕೊಡಬೇಕಾಯಿತು. ಅತಿ ಮಂದ್ರದ ಸ್ವರಗಳಿಗೆಂದೇ ಇರುವ ದೊಡ್ಡ ಸಬ್‌ವೂಫರ್ ಬೇಕೆನ್ನುವವರಿಗೆ ಈ ಶ್ರಮ ಸಾರ್ಥಕ.

ನಾನು ಉಳಿಸಿಕೊಂಡಿದ್ದು ಡಿಎಸ್‌ಪಿ ಆಂಪ್ಲಿಫೈಯರ್ ಅನ್ನು. ನನ್ನಂತೆ ಮೂಲ ಸ್ಟೀರಿಯೊ ಬಿಡಲಾಗದವರಿಗೆ ಅದನ್ನೇ ಮೊದಲು ಹೇಳುತ್ತೇನೆ, ಸ್ಪೀಕರಿಗಿಂತಲೂ ಮೊದಲು. ಕಾರಿನಲ್ಲಿ ಈಗಾಗಲೇ ಕಂಪನಿಯ ಆಂಪ್ಲಿಫೈಯರ್ ಇದ್ದು, ಅದು ಸ್ವರಗಳನ್ನು ಟ್ವೀಟರಿಗೆ ಬೇರೆ, ವೂಫರಿಗೆ ಬೇರೆ ಎಂದು ಹಂಚಿ ಕೊಡುತ್ತಿದ್ದರೆ, ಆ ತುಣುಕುಗಳನ್ನು ಮತ್ತೆ ಕೂಡಿಸಬಲ್ಲ ಡಿಎಸ್‌ಪಿಯನ್ನೇ ಆರಿಸಬೇಕು. ಇದರ ಒಂದು ಕೊರತೆ ನನ್ನನ್ನು ಇನ್ನೂ ಕಾಡುತ್ತದೆ: ಚಾಲಕನ ಆಸನಕ್ಕೆ ಹೊಂದಿಸಿದ ವಿಳಂಬ ಪಕ್ಕದಲ್ಲಿ ಕುಳಿತವರ ಪಾಲಿಗೆ ಅಂತರವನ್ನು ಇಮ್ಮಡಿಗೊಳಿಸುತ್ತದೆ. ಆದ್ದರಿಂದ ವಿಳಂಬವಿಲ್ಲದ ಎರಡನೆಯ ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ವಿನ್ಯಾಸ) ಒಂದನ್ನು ಉಳಿಸಿಟ್ಟಿದ್ದೇನೆ. ಜೊತೆಗೆ ಯಾರಾದರೂ ಕುಳಿತಾಗ ಅದಕ್ಕೆ ಬದಲಿಸುತ್ತೇನೆ, ಒಬ್ಬನೇ ಹೊರಟಾಗ ಮೊದಲನೆಯದಕ್ಕೆ ಮರಳುತ್ತೇನೆ.