ಏಜೆಂಟ್‌ಗೆ ಓಎಸ್‌ವಿ ಕೊಡಬೇಕಾ, ಎನ್‌ವಿಡಿ ಕೊಡಬೇಕಾ?

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರು ನಾವು. ಅದರೊಳಗಿನ ಲೈಬ್ರರಿಗಳಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಭದ್ರತಾ ದೋಷ ಇದೆಯಾ ಅಂತ ನೋಡಲು, ಟೂಲ್‌ಗಳನ್ನು ತಾನೇ ಬಳಸಿ ಕೆಲಸ ಮಾಡುವ ಒಂದು ಎಐ ಏಜೆಂಟ್ ಇಟ್ಟಿದ್ದೇವೆ. ಇಂಥ ದೋಷಗಳ ಪಟ್ಟಿ ಇಡುವ ಡೇಟಾಬೇಸ್‌ಗಳು ಓಎಸ್‌ವಿ, ಎನ್‌ವಿಡಿ. ಏಜೆಂಟ್‌ಗೆ ಟೂಲ್ ಆಗಿ ಯಾವುದನ್ನು ಕೊಡೋದು ಅನ್ನೋದೇ ಪ್ರಶ್ನೆ.

ನನ್ನ ಓಟು ಗೂಗಲ್ 2021ರಲ್ಲಿ ಶುರು ಮಾಡಿದ ಓಎಸ್‌ವಿಗೆ. ಪ್ಯಾಕೇಜ್ (ಅಂದರೆ ಲೈಬ್ರರಿ) ಹೆಸರು, ವರ್ಷನ್, ಅದು ಬಂದದ್ದು ಜಾವಾದ ಮೇವನ್ ಭಂಡಾರದಿಂದಲೋ ಜಾವಾಸ್ಕ್ರಿಪ್ಟ್‌ನ ಎನ್‌ಪಿಎಮ್‌ನಿಂದಲೋ ಅಂತ ಹೇಳಿದರೆ ಸಾಕು. ಕೀ (ಕೇಳಿ ಪಡೆಯಬೇಕಾದ ಗುರುತಿನ ಸಂಕೇತ) ಬೇಡ. ಆದರೆ ಹೆಸರು ಒಂದಕ್ಷರವೂ ತಪ್ಪಬಾರದು. ನಮ್ಮ ಏಜೆಂಟ್ ದೋಷಕ್ಕೆ ಹೆಸರಾದ ಒಂದು ಜಾವಾ ಲೈಬ್ರರಿ ಬಗ್ಗೆ ಸುಮ್ನೆ ‘ಲಾಗ್4ಜೆ-ಕೋರ್’ ಅಂತ ಕೇಳಿತು. ಉತ್ತರ ಖಾಲಿ ಬಂತು. ‘ದೋಷ ಇಲ್ಲ’ ಅಂತ ವರದಿ ಬರೆದೇ ಬಿಟ್ಟಿತು! ಮೇವನ್‌ನಲ್ಲಿ ಹೆಸರಿನ ಮುಂದೆ ಗುಂಪಿನ ಹೆಸರು, ಕೋಲನ್ ಎರಡೂ ಬೇಕು. ಈಗ ಏಜೆಂಟ್ ಓದುವ ಟೂಲ್‌ನ ವಿವರಣೆಯಲ್ಲಿ ಮೊದಲ ಸಾಲೇ ಇದು: ‘ಖಾಲಿ ಉತ್ತರ ಬಂದರೆ ಸುರಕ್ಷಿತ ಅಂತಲ್ಲ, ಹೆಸರು ಇನ್ನೊಮ್ಮೆ ನೋಡು.’

ಎನ್‌ವಿಡಿ ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯದು. ಸಿವಿಇ-2021-44228 (ಲಾಗ್4ಜೆಯ ಹೆಸರಾಂತ ದೋಷ) ಅಂತ ದೋಷದ ನಂಬರ್ ಕೈಯಲ್ಲಿದ್ದರೆ ಇದೇ ವಾಸಿ. ತೀವ್ರತೆ 10ಕ್ಕೆ 10 ಅಂತ ನೇರವಾಗಿ ಹೇಳುತ್ತದೆ. ಪ್ಯಾಕೇಜ್ ಹೆಸರಿಂದ ಹುಡುಕುವುದು ಮಾತ್ರ ತಲೆನೋವು. ಅಲ್ಲಿ ನಡೆಯುವುದು ಸಾಫ್ಟ್‌ವೇರ್‌ಗಳನ್ನು ಹೆಸರಿಸುವ ಸಿಪಿಇ ಎಂಬ ಬೇರೆಯದೇ ಪದ್ಧತಿ. ಕೀ ಇಲ್ಲದಿದ್ದರೆ 30 ಸೆಕೆಂಡಿಗೆ 5 ವಿನಂತಿ, ಇದ್ದರೆ 50. ಏಜೆಂಟ್‌ಗೆ ತಾಳ್ಮೆ ಎಲ್ಲಿರುತ್ತೆ, ಅಲ್ವಾ? ಈ ಮಿತಿಯನ್ನೂ ವಿವರಣೆಯಲ್ಲೇ ಬರೆದುಬಿಡಿ.