ಮಂಗಳೂರು ಹೊರವಲಯದ ಸಿಸ್ಟರ್‌ಗಳ ಆಶ್ರಮ: ಆರೈಕೆಗೆ ಪೂರ್ತಿ ಮಾರ್ಕು, ರಸೀದಿಗೆ ಇಲ್ಲ

ಮಂಗಳೂರಿನಿಂದ ಸ್ವಲ್ಪ ಹೊರಗೆ ಸಿಸ್ಟರ್‌ಗಳು ನಡೆಸುವ ಒಂದು ಆಶ್ರಮ ಇದೆ. ನೋಡುವವರಿಲ್ಲದ ವಯಸ್ಸಾದವರು, ಮನೆಯವರು ಬಿಟ್ಟುಹೋದ ರೋಗಿಗಳು, ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದು ಪೊಲೀಸರು ತಂದುಬಿಟ್ಟವರು, ಎಲ್ಲ ಜಾತಿ ಧರ್ಮದವರೂ ಅಲ್ಲಿದ್ದಾರೆ. ನಮ್ಮ ಮನೆಯಿಂದ ಅಲ್ಲಿಗೆ ವರ್ಷಾವರ್ಷ ದುಡ್ಡು ಹೋಗುತ್ತದೆ. ಈ ಸಲ ಕೊಡುವ ಮೊದಲು ಲೆಕ್ಕ ತೋರಿಸುತ್ತೀರಾ ಅಂತ ಕೇಳಿದೆ. ಆಶ್ರಮದ ಹೆಸರು ಬರೆಯುವುದಿಲ್ಲ. ಯಾರಾದರೂ ಇದನ್ನು ಅರ್ಧ ಓದಿ ಕೊಡುವುದನ್ನೇ ನಿಲ್ಲಿಸಿದರೆ ಒಳಗಿರುವವರ ಅನ್ನಕ್ಕೆ ಕಲ್ಲು ಹಾಕಿದ ಹಾಗಾಗುತ್ತದೆ.

ಆರೈಕೆ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಹಾಸಿಗೆ ಹಿಡಿದವರ ವಾರ್ಡಿನಲ್ಲೂ ಕೆಟ್ಟ ವಾಸನೆ ಇಲ್ಲ. ಬೆನ್ನು ಹುಣ್ಣಾಗದ ಹಾಗೆ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುತ್ತಾರೆ. ಅಷ್ಟು ಸಾಕು ನನಗೆ.

ಖುಷಿ ಕೊಟ್ಟದ್ದು ಸ್ಟೋರ್ ರೂಮಿನ ಪುಸ್ತಕ. ಕೇಳಿದ ತಕ್ಷಣ ಸಿಸ್ಟರ್ ಎತ್ತಿಕೊಂಡು ಬಂದರು, ಮುಖ ಸಿಂಡರಿಸಲಿಲ್ಲ. ಎಡಗಡೆ ಬಂದದ್ದು: ಕುಚ್ಚಲಕ್ಕಿ, ತೊಗರಿಬೇಳೆ, ತೆಂಗಿನಕಾಯಿ, ಸಾಬೂನು, ಯಾರು ಕೊಟ್ಟದ್ದು ಅಂತ ಹೆಸರು ಸಮೇತ. ಬಲಗಡೆ ದಿನಾ ಅಡುಗೆಗೆ ತೆಗೆದದ್ದು. ಮೀನಿನ ಹೆಂಗಸು ಬಿಲ್ ಕೊಡುವುದಿಲ್ಲ ಅಲ್ವಾ, ಅದಕ್ಕೆ ಬಿಳಿ ಹಾಳೆಯಲ್ಲಿ ವೋಚರ್ ಬರೆದು, 'ಬಂಗುಡೆ' ಅಂತ ಹಾಕಿ, ಅವರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಇತ್ತು: ಯಾರೋ ಕೊಟ್ಟ ಬಿಸ್ಕತ್ತು, ಡೇಟ್ ಮುಗಿದದ್ದರಿಂದ ಬಿಸಾಡಿದ್ದು, ಕೆಳಗೆ ಇಬ್ಬರ ಸಹಿ. ಬಿಸಾಡಿದ್ದನ್ನೂ ಬರೆದಿಡುವವರು ಕದಿಯುವವರಲ್ಲ ಅಂತ ನನಗೆ ಅಲ್ಲಿಯೇ ಗಟ್ಟಿಯಾಯಿತು.

ಬೇಜಾರಾದದ್ದು ರಸೀದಿ ನೋಡಿ. ನಾವು ದುಡ್ಡು ಕೊಡುವುದು ಔಷಧಿಗೆ ಮತ್ತು ದೊಡ್ಡವರ ಡಯಾಪರಿಗೆ. ಹಾಗಂತ ಪ್ರತಿ ಸಲ ಬಾಯಿಮಾತಿನಲ್ಲಿ ಹೇಳಿದ್ದೇವೆ. ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಿಂಟ್ ಆಗಿರುವುದು 'ಕಾರ್ಪಸ್ ಫಂಡಿಗೆ' ಅಂತ.

"ಎಂತ ಸಿಸ್ಟರ್, ನಾವು ಔಷಧಿಗೆ ಅಂತ ಕೊಟ್ಟದ್ದು, ಇದರಲ್ಲಿ ಕಾರ್ಪಸ್ ಅಂತ ಉಂಟಲ್ಲ?" ಅಂತ ಕೇಳಿದೆ.

"ಪುಸ್ತಕ ಪ್ರಿಂಟ್ ಆಗಿ ಬಂದದ್ದೇ ಹಾಗೆ. ಆಡಿಟರ್ ಹೇಳಿದ್ದು," ಅಂದರು.

ಇದು ಸಣ್ಣ ವಿಷಯ ಅಲ್ಲ. ತೆರಿಗೆ ವಿನಾಯಿತಿ ಬೇಕಾದರೆ ಟ್ರಸ್ಟು ವರ್ಷದ ಆದಾಯದಲ್ಲಿ 85% ಭಾಗವನ್ನು ಸೇವೆಗೆ ಖರ್ಚು ಮಾಡಬೇಕು, ಇಲ್ಲದಿದ್ದರೆ ಯಾಕೆ ಉಳಿಸಿದ್ದು ಅಂತ ಇಲಾಖೆಗೆ ಬರೆದುಕೊಡಬೇಕು. ಕಾರ್ಪಸ್ ಅಂದರೆ ಮೂಲನಿಧಿ, ಖರ್ಚು ಮಾಡದೆ ಠೇವಣಿಯಾಗಿ ಇಡುವ ದುಡ್ಡು, ಅದು ಈ 85ರ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದಲೇ ಕೊಡುವವರು ಸ್ಪಷ್ಟವಾಗಿ ಹೇಳಿದರೆ ಮಾತ್ರ ಅದು ಕಾರ್ಪಸ್ ಆಗುತ್ತದೆ. ನಾವು ಹೇಳಿಯೇ ಇಲ್ಲ. ರಸೀದಿ ಪುಸ್ತಕವೇ ನಮ್ಮ ಪರವಾಗಿ ಹೇಳಿಬಿಟ್ಟಿದೆ. ಈ ವರ್ಷ ಯಾರದೋ ಗಾಯಕ್ಕೆ ಮುಲಾಮು ಆಗಬೇಕಾದ ದುಡ್ಡು ಕಾಗದದ ಮೇಲೆ ಬ್ಯಾಂಕಿನ ಠೇವಣಿಗೆ ಸೇರಬೇಕಾದ ದುಡ್ಡಾಗಿದೆ. ನಿಜಕ್ಕೂ ಔಷಧಿಗೇ ಹೋಗಿರಬಹುದು, ಆದರೆ ಹಾಗಿದ್ದರೆ ರಸೀದಿ ಸುಳ್ಳು ಹೇಳುತ್ತಿದೆ. ಚರ್ಚಿನ ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. 1983ರ ಕೆನನ್ ಲಾದಲ್ಲಿ 1267ನೇ ವಿಧಿ ಹೇಳುವುದೇ ಇದನ್ನು: ಭಕ್ತರು ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು.

ಎರಡನೇ ತಕರಾರು ವಾರ್ಷಿಕ ಲೆಕ್ಕದ್ದು. ಆಡಿಟ್ ಆಗುತ್ತದೆ, ಪ್ರೊವಿನ್ಶಿಯಲ್ ಹೌಸಿಗೆ, ಅಂದರೆ ಈ ಸಿಸ್ಟರ್‌ಗಳ ಮೇಲಿನ ಕಚೇರಿಗೆ ಹೋಗುತ್ತದೆ, ತೆರಿಗೆ ಇಲಾಖೆಗೆ ಹೋಗುತ್ತದೆ. ಕೊಟ್ಟವರಿಗೆ ಮಾತ್ರ ಬರುವುದಿಲ್ಲ. ಭಕ್ತರು ಕೊಟ್ಟದ್ದಕ್ಕೆ ಭಕ್ತರಿಗೆ ಲೆಕ್ಕ ಒಪ್ಪಿಸಬೇಕು ಅಂತ ಅದೇ ಕೆನನ್ ಲಾದ 1287ನೇ ವಿಧಿಯಲ್ಲಿದೆ. ಇದು ಪಿಗ್ಮಿ ಕಟ್ಟಿ ಬೆಳೆದ ಜಿಲ್ಲೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟವರಿಗೂ ಲೆಕ್ಕ ಸಿಗುತ್ತಿತ್ತು. ಒಂದು ಹಾಳೆ ಸಾಕು. ಊಟಕ್ಕೆ ಇಷ್ಟು, ಔಷಧಿಗೆ ಇಷ್ಟು, ಸಂಬಳಕ್ಕೆ ಇಷ್ಟು, ಉಳಿದದ್ದು ಇಷ್ಟು ಅಂತ ಬರೆದು ಗೇಟಿನ ಹತ್ತಿರದ ಬೋರ್ಡಿಗೆ ಅಂಟಿಸಲಿ.

ಸಂಬಳ ಅಂದ ತಕ್ಷಣ ಕೆಲವರಿಗೆ ಸಿಟ್ಟು ಬರುತ್ತದೆ, ನನ್ನ ದುಡ್ಡು ಪೂರ್ತಿ ಊಟಕ್ಕೇ ಹೋಗಬೇಕು ಅನ್ನುತ್ತಾರೆ. ಕೊಡುವ ನಾವೂ ಇಲ್ಲಿ ಸ್ವಲ್ಪ ಯೋಚಿಸಬೇಕು. ಕ್ರಿಸ್ಮಸ್ ವಾರದಲ್ಲಿ ಬಿರಿಯಾನಿ, ಕೇಕ್ ತರುವವರ ಸಾಲು. ಹುಟ್ಟುಹಬ್ಬಕ್ಕೆ ಮಧ್ಯಾಹ್ನದ ಊಟ ಕೊಟ್ಟು ಫೋಟೋ ತೆಗೆಸಿಕೊಳ್ಳುವವರೂ ಬೇಕಾದಷ್ಟು. ರಾತ್ರಿ ಎದ್ದು ಮೈಲಿಗೆ ಬಟ್ಟೆ ಬದಲಿಸುವ ಆಯಾಗಳ ಸಂಬಳಕ್ಕೆ, ಜೂನ್ ತಿಂಗಳಲ್ಲಿ ಬೆಡ್‌ಶೀಟ್ ಒಣಗದಿದ್ದಾಗ ಓಡುವ ಡ್ರೈಯರಿನ ಕರೆಂಟ್ ಬಿಲ್ಲಿಗೆ ಅಂತ ಕೊಡುವವರು ಯಾರೂ ಇಲ್ಲ. ಹಾಗಾಗಿ ಊಟದ ದುಡ್ಡು ಮಿಗುತ್ತದೆ, ಉಳಿದದ್ದಕ್ಕೆ ಸಾಲುವುದಿಲ್ಲ. ಆಗ 'ಕಾರ್ಪಸ್' ತರಹದ ಒಂದು ದೊಡ್ಡ ಚೀಲ ಆಡಿಟರಿಗೆ ಸುಲಭ ಅನ್ನಿಸಿರಬಹುದು. ಆದರೂ ಅದು ಸರಿಯಾದ ದಾರಿ ಅಲ್ಲ. ಬೇಕಾದದ್ದು ಇದು ಅಂತ ಬಾಯಿಬಿಟ್ಟು ಕೇಳಿದರೆ ಊರಿನವರು ಇಲ್ಲ ಅನ್ನುವುದಿಲ್ಲ.

ಸಂತ ಪೌಲನು ಜೆರುಸಲೇಮಿನ ಬಡವರಿಗೆ ಎತ್ತಿದ ಕಾಣಿಕೆಯನ್ನು ಒಬ್ಬರ ಕೈಗೇ ಬಿಡಲಿಲ್ಲ, ತೀತನ ಜೊತೆ ಬೇರೆಯವರನ್ನೂ ಕಳಿಸಿದ. ಯಾರೂ ಬೆರಳು ತೋರಿಸಬಾರದು ಅಂತಲೇ ಹಾಗೆ ಮಾಡಿದ್ದು ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿದೆ. ಮದರ್ ಸುಪೀರಿಯರ್ ಎದುರು ಇದನ್ನು ಹೇಳಿದಾಗ ಅವರು ಸಿಟ್ಟಾಗಲಿಲ್ಲ. ನನ್ನ ರಸೀದಿಯಲ್ಲಿ ಆ ಸಾಲು ಹೊಡೆದುಹಾಕಿ 'ಔಷಧಿ ಮತ್ತು ಡಯಾಪರ್' ಅಂತ ಕೈಯಲ್ಲಿ ಬರೆದು ಸಹಿ ಹಾಕಿದರು. ಹೊಸ ಪುಸ್ತಕ ಪ್ರಿಂಟ್ ಮಾಡಿಸುವಾಗ ಆ ಜಾಗ ಖಾಲಿ ಬಿಡುತ್ತೇವೆ ಅಂದಿದ್ದಾರೆ. ಬೋರ್ಡಿನ ವಿಷಯಕ್ಕೆ ಮೇಲಿನವರನ್ನು ಕೇಳಬೇಕಂತೆ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ನಾನು ಕೊಡುವುದನ್ನು ನಿಲ್ಲಿಸುವುದಿಲ್ಲ. ಯಾವುದೇ ಆಶ್ರಮಕ್ಕೆ ಕೊಡುವುದಿದ್ದರೂ ಯಾವುದಕ್ಕೆ ಅಂತ ಒಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಕೊಟ್ಟ ದುಡ್ಡಿಗೆ ನಿಮ್ಮ ತೆರಿಗೆಯಲ್ಲಿ ವಿನಾಯಿತಿ (80ಜಿ ಅನ್ನುತ್ತಾರಲ್ಲ, ಅದು) ಬೇಕಿದ್ದರೆ 2000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ಅದಕ್ಕೆ ವಿನಾಯಿತಿ ಸಿಗುವುದಿಲ್ಲ. ಚೆಕ್ ಅಥವಾ ಯುಪಿಐ ಮಾಡಿ, ಪ್ಯಾನ್ ನಂಬರ್ ಸರಿಯಾಗಿ ಬರೆಸಿ.